ಗುಡ್ ಎಂದರೆ ಸವಕಲು

ನಾಣ್ಯ ಸಂಗ್ರಾಹಕರ ಇಂಗ್ಲಿಷೇ ಬೇರೆ. ಅದರಲ್ಲಿ ‘ಗುಡ್’ ಎಂದರೆ ಒಳ್ಳೆಯದಲ್ಲ. ಮೂಗು, ಕಿವಿ, ಕಿರೀಟ ಎಲ್ಲ ಸವೆದು, ಇದು ರಾಜನೋ ರಾಣಿಯೋ ಎಂದು ಊಹೆ ಮಾಡಬೇಕಾದ ನಾಣ್ಯಕ್ಕೆ ‘ಗುಡ್’ ಎನ್ನುತ್ತಾರೆ. 70ಕ್ಕೆ 4 ಅಂಕ. ‘ಫೈನ್’ ಎಂದರೆ 12. ‘ವೆರಿ ಫೈನ್’ ಎಂದು ಬೆನ್ನು ತಟ್ಟಿದರೂ 20ರಿಂದ 35ರ ಒಳಗೇ. ನಮ್ಮ ಕಾಲದ ಶಾಲೆಯಲ್ಲಿ 70ಕ್ಕೆ 12 ತೆಗೆದ ಹುಡುಗನ ಪ್ರಗತಿಪತ್ರದ ಮೇಲೆ ಯಾರಾದರೂ ‘ಫೈನ್’ ಎಂದು ಬರೆದಿದ್ದರೆ, ಹೆಡ್‌ಮಾಸ್ತರರಿಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಟಂಕಸಾಲೆಯಿಂದ ಬಂದ ಮೇಲೆ ಚಲಾವಣೆಯಲ್ಲಿ ಸವೆಯದ ನಾಣ್ಯಕ್ಕೆ 60ರಿಂದ ಮೇಲೆ. 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲು. ಜಗಳವೆಲ್ಲ ಆ ಮೆಟ್ಟಿಲುಗಳ ಮೇಲೆಯೇ.

ನಾನು ಮೂವತ್ನಾಲ್ಕು ವರ್ಷ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವನು. ರೂಪಾಯಿ ಎಂದರೆ ರೂಪಾಯಿ, ಅದು ಹೊಳೆದರೂ ಅಷ್ಟೇ, ಮಾಸಿದರೂ ಅಷ್ಟೇ ಎಂಬ ಧರ್ಮದಲ್ಲಿ ಬೆಳೆದವನು. ನನಗೆ ನಾಣ್ಯದ ಹುಚ್ಚು ಹಿಡಿಸಿದವರು ನಮ್ಮ ಓಣಿಯ ಡ್ರಾಯಿಂಗ್ ಮಾಸ್ತರರು. ಹುಬ್ಬಳ್ಳಿಯ ಮಳೆಗಾಲದ ಸಂಜೆಗಳಲ್ಲಿ ಅವರ ಪಡಸಾಲೆಯಲ್ಲಿ ಕುಳಿತು, ಭೂತಗನ್ನಡಿ ಹಿಡಿದು ಸತ್ತುಹೋದ ರಾಜರ ಗಲ್ಲಗಳನ್ನು ನೋಡುವುದು ನಮ್ಮ ಕ್ಲಬ್ಬು, ನಮ್ಮ ಸಿನಿಮಾ. ಅವರ ಹತ್ತಿರ ಒಂದು 1939ರ ಬೆಳ್ಳಿ ರೂಪಾಯಿ ಇತ್ತು. ಮುಂಬಯಿ ಟಂಕಸಾಲೆಯದು, ಆರನೆಯ ಜಾರ್ಜನ ತಲೆ. 1940ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಅದಕ್ಕೆ ಮುಂಚಿನ ಹಳೆಯ ತೂಕ, ಹಳೆಯ ಬೆಳ್ಳಿಯ ರೂಪಾಯಿಗಳಲ್ಲಿ ಇದೇ ಕೊನೆಯದು. 1938ರದು ಸುಲಭವಾಗಿ ಸಿಗುತ್ತದೆ, 1939ರದು ಸಿಗುವುದು ಬಹಳ ಅಪರೂಪ. ಆದ್ದರಿಂದ ಅದರ ನಕಲಿಗಳು ಧಾರಾಳ. ಮಾಸ್ತರರ ತಂದೆಗೆ ರೈಲ್ವೆಯ ಪಗಾರದಲ್ಲಿ ಬಂದದ್ದಂತೆ ಅದು.

ಇಂಥ ನಾಣ್ಯ ಅಸಲಿಯೆಂದು ಯಾರು ಹೇಳಬೇಕು? ಈಗ ಅಮೆರಿಕದ ಕಂಪನಿಗಳು ಹೇಳುತ್ತವೆ. ಪಿ.ಸಿ.ಜಿ.ಎಸ್. ಎಂಬುದು 1986ರಲ್ಲಿ ಕೆಲಸ ಶುರು ಮಾಡಿತು, ಎನ್.ಜಿ.ಸಿ. 1987ರಲ್ಲಿ. ನಾಣ್ಯ ಕಳಿಸಿ ಫೀ ಕಟ್ಟಿದರೆ, ಪರೀಕ್ಷೆ ಮಾಡಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಪೆಟ್ಟಿಗೆಯೊಳಗೆ ಕೂರಿಸಿ, ಮೇಲೆ ಲೇಬಲ್ ಹಚ್ಚಿ ವಾಪಸು ಕಳಿಸುತ್ತಾರೆ. ಅದಕ್ಕೆ ‘ಸ್ಲ್ಯಾಬ್’ ಎಂದು ಹೆಸರು. ಚಪ್ಪಡಿ! ಸಮಾಧಿಯ ನೆನಪು ಬರುವ ಶಬ್ದ.

ಅಂಕದ ಪದ್ಧತಿಯ ಹುಟ್ಟು ಇನ್ನೂ ಸ್ವಾರಸ್ಯ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಮೇಲೆ ಪುಸ್ತಕ ಬರೆದು ಈ 70ರ ಅಳತೆಗೋಲು ಕೊಟ್ಟ. ಪೂರ್ತಿ ಸವೆದ ಸೆಂಟಿನ ಬೆಲೆ ಒಂದಾದರೆ ಅತ್ಯುತ್ತಮವಾದುದರ ಬೆಲೆ ಎಪ್ಪತ್ತು ಪಟ್ಟು ಎಂಬ ಲೆಕ್ಕ. ಅಂದರೆ ಅದು ಗುಣದ ಅಳತೆ ಎನ್ನುವುದಕ್ಕಿಂತ ಬೆಲೆಪಟ್ಟಿ. ಬೆಲೆಗಳು ಬದಲಾಗಿ ಲೆಕ್ಕ ಕೆಟ್ಟುಹೋಯಿತು, ಅಂಕಿ ಮಾತ್ರ ಉಳಿಯಿತು. ಶೆಲ್ಡನ್ ಕಸುಬಿನಿಂದ ಮನಶ್ಶಾಸ್ತ್ರಜ್ಞ. ಮನುಷ್ಯರ ಮೈಕಟ್ಟಿಗೂ ಅಂಕಿ ಕೊಟ್ಟು ಸ್ವಭಾವ ಹೇಳಬಹುದು ಎಂದು ನಂಬಿದ್ದವನು. 1977ರಲ್ಲಿ ಅವನು ತೀರಿಕೊಂಡ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ತನ್ನ ಕಳಪೆ ಸೆಂಟುಗಳನ್ನು ಇಟ್ಟಿದ್ದನಂತೆ. ತರತಮ ಜ್ಞಾನವಂತೂ ಅವನಿಗೆ ಚೆನ್ನಾಗಿತ್ತು ಎನ್ನಬೇಕು.

2013ರಲ್ಲಿ ಮಾಸ್ತರರು ಮುಂಬಯಿಯ ಏಜೆಂಟನೊಬ್ಬನ ಮೂಲಕ ತಮ್ಮ ರೂಪಾಯಿಯನ್ನು ಅಂಥದೊಂದು ಕಂಪನಿಗೆ ಕಳಿಸಿದರು. ಯಾವುದೆಂದು ಹೇಳುವುದಿಲ್ಲ. ಕೆಲವು ತಿಂಗಳಾದ ಮೇಲೆ ಬಂತು. ಅಸಲಿ, ಅಂಕ 58. ಅಂದರೆ ‘ಬಹುತೇಕ ಬಳಸದ್ದು, ಆದರೆ ಸ್ವಲ್ಪ ಉಜ್ಜಿದೆ’. ಏಜೆಂಟ ಫೋನಿನಲ್ಲಿ, “ಅನ್ಯಾಯ ಆಗಿದೆ. 58 ಕೊಡುವ ನಾಣ್ಯ ಅಲ್ಲ ಇದು. ಒಡೆದು ಇನ್ನೊಮ್ಮೆ ಕಳಿಸಿ” ಎಂದ. ಈ ವ್ಯಾಪಾರದಲ್ಲಿ ಇದು ಮಾಮೂಲು. 60 ದಾಟಿದ ನಾಣ್ಯಗಳಲ್ಲಿ ಒಂದು ಮೆಟ್ಟಿಲು ಮೇಲೇರಿದರೆ ಬೆಲೆ ದುಪ್ಪಟ್ಟಾಗುವುದೂ ಉಂಟು. ಹಾಗಾಗಿ ಸ್ಲ್ಯಾಬು ಒಡೆದು, ಹೊಸ ನಾಣ್ಯವೆಂಬಂತೆ ಮತ್ತೆ ಕಳಿಸುವುದನ್ನೇ ಕಸುಬು ಮಾಡಿಕೊಂಡವರು ಅಮೆರಿಕದಲ್ಲಿದ್ದಾರೆ. ಅಂಕ ಏಕರೂಪವಾಗಿದ್ದರೆ ಅವರು ಉಪವಾಸ ಬೀಳಬೇಕಿತ್ತು. ಬಿದ್ದಿಲ್ಲ.

ಮಾಸ್ತರರು ಎರಡು ವರ್ಷ ವಿಚಾರ ಮಾಡಿದರು. 2016ರಲ್ಲಿ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡು, ದವಾಖಾನೆಯವರು ದೊಡ್ಡ ಮೊತ್ತ ಹೇಳಿದಾಗ, ಮಾರುವುದೇ ಸರಿ, ಮಾರುವುದಾದರೆ ಸರಿಯಾದ ಅಂಕದಲ್ಲೇ ಎಂದು ನಿಶ್ಚಯಿಸಿದರು. ಸ್ಲ್ಯಾಬನ್ನು ಪಂಚೆಯಲ್ಲಿ ಸುತ್ತಿ ಇಕ್ಕಳ ಹಾಕಿ ಒಡೆದರು. ನಾನು ಇನ್ನೊಂದು ತುದಿ ಹಿಡಿದಿದ್ದೆ. ಪ್ಲಾಸ್ಟಿಕ್ ಲಟ್ಟೆಂದಾಗ ಅವರು ಕಣ್ಣು ಮುಚ್ಚಿಕೊಂಡರು.

ಈ ಸಲ ಅಂಕವೇ ಬರಲಿಲ್ಲ. ಲೇಬಲ್ಲಿನ ಮೇಲೆ ‘ಡೀಟೇಲ್ಸ್, ಕ್ಲೀನ್ಡ್’ ಎಂದಿತ್ತು. ಚಿತ್ರವೆಲ್ಲ ಸ್ಪಷ್ಟ ಇದೆ, ಆದರೆ ಯಾರೋ ತಿಕ್ಕಿ ತೊಳೆದಿದ್ದಾರೆ, ಆದ್ದರಿಂದ ಅಂಕ ಕೊಡುವುದಿಲ್ಲ ಎಂದರ್ಥ. ಅದೇ ಕಂಪನಿ, ಅದೇ ನಾಣ್ಯ. ಮಾಸ್ತರರಿಗೆ ದುಡ್ಡಿಗಿಂತ ಆ ಒಂದು ಶಬ್ದ ಹತ್ತಿತು. “ನಾ ತಿಕ್ಕೇನಂತ! ನನಗ ಕಳ್ಳ ಅಂದಂಗಾತು ನೋಡ್ರಿ,” ಎಂದರು. ನಮ್ಮ ಮನೆಗಳಲ್ಲಿ ಬೆಳ್ಳಿ ತಿಕ್ಕುವುದು ಪಾಪವಲ್ಲ, ಪುಣ್ಯ. ದೀಪಾವಳಿಯ ಲಕ್ಷ್ಮೀಪೂಜೆಗೆ ವಿಭೂತಿ ಹಚ್ಚಿ ಫಳಫಳ ಹೊಳೆಯುವಂತೆ ಮಾಡದ ಬೆಳ್ಳಿ ರೂಪಾಯಿ ಯಾವ ಮನೆಯಲ್ಲಿದೆ? ಆ ವಿಭೂತಿ ಎಳೆದ ಕೂದಲೆಳೆಯಂಥ ಗೀರುಗಳೇ ಅಮೆರಿಕದ ದೀಪದ ಕೆಳಗೆ ಅಪರಾಧವಾಗಿ ಕಾಣುತ್ತವೆ. ಆದರೆ ಈ ರೂಪಾಯಿಯ ಮಾತು ಬೇರೆ. ವೈನಿಯವರು ನನ್ನೆದುರೇ ಹೇಳಿದರು: “ಉಳದದ್ದೆಲ್ಲಾ ನಾನೇ ತಿಕ್ಕೇನಿ. ಅದೊಂದನ್ನ ಮಾತ್ರ ಅವರು ನನ್ನ ಕೈಯಾಗ ಕೊಟ್ಟಿಲ್ಲ.”

‘ಕ್ಲೀನ್ಡ್’ ಎಂದು ಬರೆದ ನಾಣ್ಯಕ್ಕೆ ವ್ಯಾಪಾರಿಗಳು ಹೇಳಿದ ಬೆಲೆ ಕೇಳಿ ಮಾಸ್ತರರು ಮಾರಲಿಲ್ಲ. ಮನೆಯ ಮೇಲೆ ಸಾಲ ತೆಗೆದು ಚಿಕಿತ್ಸೆ ಮಾಡಿಸಿಕೊಂಡರು. 2019ರಲ್ಲಿ ಹೋಗಿಬಿಟ್ಟರು. ನಾಣ್ಯಕ್ಕೂ ಸಾವಿಗೂ ನಾನು ಗಂಟು ಹಾಕಲಾರೆ. ಸಾಲ ಮಾತ್ರ ಉಳಿಯಿತು.

ಈ ಅಂಕಗಳು ಹೇಗೆ ಬೀಳುತ್ತವೆ ಎಂಬುದು ಗುಟ್ಟೇನಲ್ಲ. ಮಂದ ಬೆಳಕಿನ ಕೋಣೆ, ಮೇಜಿನ ಮೇಲೊಂದು ದೀಪ. ಪರೀಕ್ಷಕ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿ ಹೊಳಪು ಹೇಗೆ ಸುತ್ತುತ್ತದೆ ನೋಡುತ್ತಾನೆ, ಗೀರು, ಪೆಟ್ಟು, ಅಚ್ಚಿನ ಗಟ್ಟಿತನ ನೋಡುತ್ತಾನೆ, ಅಂಕಿ ಒತ್ತುತ್ತಾನೆ. ಯಾರ ನಾಣ್ಯವೆಂದು ಅವನಿಗೆ ಗೊತ್ತಿರುವುದಿಲ್ಲ. ಒಬ್ಬರಿಗಿಂತ ಹೆಚ್ಚು ಜನ ನೋಡಿ, ಕೊನೆಗೊಬ್ಬ ತೀರ್ಮಾನಿಸುತ್ತಾನೆ. ಒಂದು ನಾಣ್ಯಕ್ಕೆ ಸಿಗುವುದು ಕೆಲವು ಸೆಕೆಂಡು. ರಾಜನ ಕಿರೀಟದ ಮೇಲಿನ ಮಸುಕು ಜನರ ಕೈ ತಾಗಿ ಸವೆದದ್ದೋ, ಡಬ್ಬಿಯಲ್ಲಿ ಬಟ್ಟೆಗೆ ಉಜ್ಜಿದ್ದೋ, ಅಥವಾ ಅಚ್ಚು ಹೊಡೆದಾಗಲೇ ಗಟ್ಟಿಯಾಗಿ ಬೀಳಲಿಲ್ಲವೋ? ಮೊದಲನೆಯದೆಂದರೆ 58. ಉಳಿದೆರಡರಲ್ಲಿ ಯಾವುದೆಂದರೂ 60ರ ಮೇಲೆ. ನಡುವೆ ಕೂದಲಷ್ಟು ಅಂತರವೂ ಇಲ್ಲ.

ಮಾಸ್ತರರಿಗೆ ಇದು ಹೊಸದಲ್ಲ. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳ ಪೇಪರು ತಿದ್ದಿದವರು. “ಭಾಳ ಛಲೋ ಚಿತ್ರದ ಹಿಂದ ಬಂದ ಚಿತ್ರ ಸಾಯತದ. ಕೆಟ್ಟದ್ದರ ಹಿಂದ ಬಂದದ್ದು ಪಾರಾಗತದ. ಚಹಾ ಆದಮ್ಯಾಲೆ ಎಲ್ಲಾರಿಗೂ ಎರಡು ಮಾರ್ಕು ಹೆಚ್ಚು,” ಎನ್ನುತ್ತಿದ್ದರು.

ಕಂಪನಿಗಳಿಗೂ ಇದು ಗೊತ್ತು. 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ‘ಏಕರೂಪ, ವಸ್ತುನಿಷ್ಠ’ ಎಂಬ ಜಾಹೀರಾತಿನ ಮಾತು ಅತಿಯಾಯಿತೆಂದು ಪಿ.ಸಿ.ಜಿ.ಎಸ್. ಮೇಲೆ ಕ್ರಮ ಕೈಗೊಂಡು, ಅದು ರಾಜಿಯಲ್ಲಿ ಮುಗಿಯಿತು. ಅದೇ ವರ್ಷ ಆ ಕಂಪನಿ ‘ಎಕ್ಸ್‌ಪರ್ಟ್’ ಎಂಬ ಕಂಪ್ಯೂಟರ್ ತಂದು ಮಾರ್ಗನ್ ಡಾಲರುಗಳಿಗೆ ಅಂಕ ಕೊಡಿಸಹೊರಟಿತ್ತು. ಹೆಚ್ಚು ಕಾಲ ನಡೆಯಲಿಲ್ಲ. 2007ರಲ್ಲಿ ಸಿ.ಎ.ಸಿ. ಎಂಬ ಇನ್ನೊಂದು ಸಂಸ್ಥೆ ಹುಟ್ಟಿತು. ಇತರರು ಕೊಟ್ಟ ಅಂಕ ಸರಿಯೋ ಎಂದು ನೋಡಿ, ಸರಿ ಎನಿಸಿದರೆ ಸ್ಲ್ಯಾಬಿನ ಮೇಲೆ ಹಸಿರು ಚೀಟಿ, ಕಡಿಮೆ ಕೊಟ್ಟಿದ್ದಾರೆ ಎನಿಸಿದರೆ ಬಂಗಾರದ ಬಣ್ಣದ ಚೀಟಿ ಅಂಟಿಸುವುದು ಅದರ ಕೆಲಸ. 2023ರಲ್ಲಿ ಆ ಬಳಗದವರೇ ಅಂಕ ಕೊಡುವ ಕಂಪನಿಯನ್ನೂ ತೆರೆದರು. ಇನ್ನು ಅವರ ಸ್ಲ್ಯಾಬಿಗೆ ಚೀಟಿ ಹಚ್ಚುವವನು ಎಲ್ಲಿಯೋ ಹುಟ್ಟಿರಬೇಕು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಸಲಿಯೋ ನಕಲಿಯೋ ಎಂಬ ವಿಷಯದಲ್ಲಿ ಮಾಸ್ತರರ ರೂಪಾಯಿಗೆ ಪ್ರತಿ ಸಲವೂ ಒಂದೇ ಉತ್ತರ ಬಂತು. ನಕಲಿಗಳ ಸಂತೆಯಾಗಿರುವ 1939ರ ವಿಷಯದಲ್ಲಿ ಅದೇನು ಸಣ್ಣ ಉಪಕಾರವಲ್ಲ. ಅಷ್ಟಕ್ಕೇ ನಿಲ್ಲಿಸಿ ಫೀ ತೆಗೆದುಕೊಂಡಿದ್ದರೆ ನಾನು ಕೈ ಮುಗಿಯುತ್ತಿದ್ದೆ.

ನನ್ನ ಹತ್ತಿರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸುಗಳು ಕೆಲವಿವೆ. ಕೈಯಿಂದ ಹೊಡೆದ ತಾಮ್ರ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಒಂದರಲ್ಲಿ ಆನೆಗೆ ಸೊಂಡಿಲಿಲ್ಲ, ಇನ್ನೊಂದರಲ್ಲಿ ಬಾಲವಿಲ್ಲ. ಅವಕ್ಕೆ ಯಾರೂ ಅಂಕ ಕೊಟ್ಟಿಲ್ಲ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಾಚೆ ಕಳಿಸಲು 1972ರ ಪುರಾವಸ್ತು ಕಾಯಿದೆ ಬಿಡುವುದಿಲ್ಲ. ಡಬ್ಬಿಯಲ್ಲಿ ಆರಾಮಾಗಿವೆ.

2022ರಲ್ಲಿ ವೈನಿಯವರ ಅಳಿಯ ಆ ರೂಪಾಯಿಯನ್ನು ಮತ್ತೆ ಒಡೆಸಿ ಮೂರನೆಯ ಸಲ ಕಳಿಸಿದ. 62 ಬಂತು. ವಿಭೂತಿಯ ಸುದ್ದಿಯೇ ಇಲ್ಲ. 2016ರಲ್ಲಿ ಹೇಳಿದ್ದ ಬೆಲೆಯ ದುಪ್ಪಟ್ಟಿಗೂ ಮೇಲೆ ಈಗ ಹೇಳತೊಡಗಿದರು. ವೈನಿಯವರು ಸ್ಲ್ಯಾಬನ್ನು ಆಚೀಚೆ ತಿರುಗಿಸಿ ನೋಡಿ, “ಏನು ಬದಲಾಗೇದ್ರಿ ಇದರಾಗ?” ಎಂದು ಕೇಳಿದರು. ಲೇಬಲ್ ತೋರಿಸಿದೆ. ಆರು ವರ್ಷದ ಬಡ್ಡಿ ಎಷ್ಟಾಯಿತೆಂದು ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಕ್ಯಾಶಿಯರನ ಚಟ. ಆ ಮೊತ್ತವನ್ನು ಅವರಿಗೆ ಹೇಳಿಲ್ಲ.

ಮರುವರ್ಷ ಬೆಂಗಳೂರಿನ ನಾಣ್ಯ ಪ್ರದರ್ಶನದಲ್ಲಿ ಮಾರಿದೆವು. ಸಾಲ ತೀರಿತು, ಮನೆಯ ಕಾಗದಪತ್ರ ವೈನಿಯವರ ಟ್ರಂಕಿಗೆ ವಾಪಸು ಬಂದವು. ಕೊಂಡವರು ಮೊದಲು ಲೇಬಲ್ ಓದಿದರು, ಆಮೇಲೆ ನಾಣ್ಯ ನೋಡಿದರು, ದುಡ್ಡು ಎಣಿಸಿ ಕೊಟ್ಟರು. ಸ್ಲ್ಯಾಬನ್ನು ಜೇಬಿಗೆ ಹಾಕಿಕೊಳ್ಳುತ್ತ, “62 ಕಮ್ಮಿ ಆಯ್ತು ಸಾರ್. 63 ಬರಬೇಕಿತ್ತು ಇದಕ್ಕೆ. ಒಡೆದು ಇನ್ನೊಂದ್ ಸಲ ಕಳಿಸ್ತೀನಿ,” ಎಂದರು.