ತಿರುವಿನ ಸುಖ

ಬೀದರಿನ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯಿಂದ ಮಾಂಜ್ರಾ ಕಣಿವೆಯ ಕರಿಯ ಎರೆನೆಲಕ್ಕಿಳಿದು, ಜನವಾಡ, ಸಂತಪುರಗಳನ್ನು ಹಾಯ್ದು ಔರಾದಿಗೆ ಹೋಗುವ ದಾರಿಯನ್ನು ಎಷ್ಟು ಸಲ ಸವೆಸಿರುವೆನೋ ಲೆಕ್ಕವಿಟ್ಟಿಲ್ಲ. ಕಾರ್ಯನಿಮಿತ್ತ ಹೋದದ್ದಕ್ಕಿಂತ, ನನ್ನ ಹಳೆಯ ಮಾರುತಿ 800 ಕಾರನ್ನು ತಿರುವುಗಳಲ್ಲಿ ಹದವರಿತು ಹಾಯಿಸುವ ಸುಖಕ್ಕಾಗಿಯೇ ಹೋದದ್ದು ಹೆಚ್ಚು.

1983ರ ಡಿಸೆಂಬರಿನಲ್ಲಿ ಈ ಕಾರು ಬರುವವರೆಗೆ ಅಂಬಾಸಿಡರ್, ಪದ್ಮಿನಿಗಳಲ್ಲಿ ಪಳಗಿದ ನಮ್ಮವರ ಕೈಗಳಿಗೆ ಎಂಜಿನ್ನಿನ ಬಲ ಹಿಂಚಕ್ರಗಳಿಗೆ ಸಲ್ಲುವುದೇ ರೂಢಿಯಾಗಿತ್ತು. ಇದರಲ್ಲಾದರೋ ಎಂಜಿನ್ನು ಮುಂದೆ ಅಡ್ಡಲಾಗಿ ಕುಳಿತು, ಎಳೆಯುವ, ಹೊರಳಿಸುವ ಎರಡೂ ಕಾರ್ಯಗಳನ್ನು ಮುಂಚಕ್ರಗಳಿಗೇ ವಹಿಸಿತು. ಟೈರಿಗೆ ನೆಲದ ಮೇಲಿರುವ ಹಿಡಿತ ಪರಿಮಿತವಾದದ್ದು. ಎಳೆತಕ್ಕೆ ಅದನ್ನೆಲ್ಲ ವ್ಯಯಿಸಿದರೆ ಹೊರಳುವುದಕ್ಕೆ ಉಳಿಯುವುದೇನು? ಸಾಲಿನ ಕೊನೆಯಲ್ಲಿ ಎತ್ತುಗಳ ಬಿರುಸನ್ನು ಇಳಿಸಿದ ಮೇಲೆಯೇ ರೈತನು ಅವನ್ನು ಹೊರಳಿಸುತ್ತಾನೆ. ಹಾಗೆ ಇಳಿಸದೆ ಸ್ಟಿಯರಿಂಗ್ ತಿರುಗಿಸಿದವನ ಕಾರಿನ ಮೂಗು, ತಿರುವಿನ ಒಳಗೆ ಬಾರದೆ ಹೊರಅಂಚಿನ ಕಡೆಗೆ ಜಾರುತ್ತದೆ. ಇದನ್ನೇ ಅಂಡರ್‌ಸ್ಟಿಯರ್ ಎನ್ನುವರು.

ಇದು ನನಗೆ ಮೊದಲು ಅರಿವಾದದ್ದು ಒಂದು ಮಳೆಗಾಲದ ಸಂಜೆ. ಹೊಲದಿಂದೆದ್ದ ಟ್ರ್ಯಾಕ್ಟರೊಂದು ತನ್ನ ಗಾಲಿಗಂಟಿದ ಎರೆಮಣ್ಣನ್ನು ಡಾಂಬರಿನ ಮೇಲೆ ಹೆಂಟೆಹೆಂಟೆಯಾಗಿ ಉದುರಿಸಿ ಹೋಗಿತ್ತು. ನೀರು ಕುಡಿದ ಆ ಮಣ್ಣು ಬೆಣ್ಣೆಯಂತೆ ನುಣುಪು. ತಿರುವಿನ ನಡುವೆ ಸ್ಟಿಯರಿಂಗ್ ಹಠಾತ್ತನೆ ಹಗುರಾಯಿತು. ಅಲ್ಲಿಯವರೆಗೆ ಅಂಗೈಗೆ ತಾಗುತ್ತಿದ್ದ ರಸ್ತೆಯ ಸಣ್ಣ ನಡುಕ ಇಲ್ಲವಾಯಿತು. ಗಾಬರಿಯಿಂದ ಇನ್ನಷ್ಟು ತಿರುಗಿಸಿದೆ. ಚಕ್ರಗಳು ಇನ್ನಷ್ಟು ಓರೆಯಾದವೇ ವಿನಾ ಕಾರು ಹೊರಳಲಿಲ್ಲ. ಕಾಲು ತಾನಾಗಿಯೇ ಆಕ್ಸಿಲರೇಟರಿನಿಂದ ಮೆಲ್ಲನೆ ಹಿಂದೆ ಸರಿದಾಗ ಭಾರ ಮುಂದಕ್ಕೆ ಬಾಗಿತು. ಕೈಯನ್ನು ಎರಡು ಬೆರಳಿನಷ್ಟು ಸಡಿಲಿಸಿದೆ. ಟೈರು ನೆಲವನ್ನು ಮತ್ತೆ ಕಚ್ಚಿತು. ಅಂಗೈಗೆ ಮರಳಿ ಬಂದ ಆ ನಡುಕದಷ್ಟು ಆಪ್ಯಾಯಮಾನವಾದ ಸ್ಪರ್ಶವನ್ನು ನಾನು ಹೆಚ್ಚು ಕಂಡಿಲ್ಲ.

ಅಂದಿನಿಂದ ತಿರುವನ್ನು ಅದು ಬರುವ ಮೊದಲೇ ಆರಂಭಿಸುವುದು ನನ್ನ ಪದ್ಧತಿಯಾಯಿತು: ನೇರ ದಾರಿಯಲ್ಲಿಯೇ ಬ್ರೇಕು ಒತ್ತಿ ಮುಗಿಸಿ, ಗೇರು ಇಳಿಸಿ, ಹೊರಅಂಚಿನ ಜಂಬಿಟ್ಟಿಗೆಯ ಪುಡಿ ಚಕ್ರದಡಿ ಮಣಿಗಳಂತೆ ಉರುಳೀತೆಂದು ಅದನ್ನು ಬಿಟ್ಟು, ನನ್ನ ಪಾಲಿನ ಮಗ್ಗುಲಿನಲ್ಲಿಯೇ ಸಾಧ್ಯವಾದಷ್ಟು ವಿಶಾಲವಾದ ಬಾಗನ್ನು ಆರಿಸಿ, ಮುಂದಿನ ದಾರಿ ಕಣ್ಣಿಗೆ ತೆರೆದುಕೊಂಡ ಮೇಲೆಯೇ ಕಾಲಿಗೆ ಅನುಮತಿ ಕೊಡುವುದು. ಗಂಟೆಗೆ 40 ಕಿಲೋಮೀಟರಿನಲ್ಲಿ ಹಾಯುವ ತಿರುವನ್ನು 60ರಲ್ಲಿ ಹಾಯಬೇಕಾದರೆ ಟೈರಿನಿಂದ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಹಿಡಿತ ಬೇಕು. ಇದು ಭೌತಶಾಸ್ತ್ರದ ನಿಯಮ.

ಭಾಲ್ಕಿಯಲ್ಲಿ ಒಮ್ಮೆ ಟೈರು ಬದಲಿಸುವಾಗ ಅಂಗಡಿಯ ಹುಡುಗ, "ಹೊಸಾವು ಎರಡೂ ಮುಂದ ಹಾಕ್ಲೇನ್ರಿ ಸಾಹೇಬ್ರ?" ಎಂದ.

"ಬ್ಯಾಡೋ ತಮ್ಮಾ, ಹಿಂದ ಹಾಕು. ಮುಂದಿನವಕ್ಕ ಹವಾ ಬರೋಬ್ಬರಿ ನೋಡು."

ಅವನಿಗೆ ವಿಸ್ಮಯವಾಯಿತು. ಹೊಸ ಟೈರು ಮುಂದಿದ್ದರೆ ಮೂಗು ಚೆನ್ನಾಗಿ ಹೊರಳೀತು, ನಿಜ. ಆದರೆ ಸವೆದ ಹಿಂಚಕ್ರಗಳು ಒದ್ದೆ ರಸ್ತೆಯಲ್ಲಿ ಮೊದಲು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಅದನ್ನು ಹಿಡಿಯುವ ಕೈಚಳಕ ಎಲ್ಲರಿಗೂ ಇರುವುದಿಲ್ಲ. ಕಾರುಗಳನ್ನು ನಿರ್ಮಿಸುವವರು ತುಸು ಅಂಡರ್‌ಸ್ಟಿಯರನ್ನು ಬೇಕೆಂದೇ ಉಳಿಸುವುದೂ ಇದೇ ಕಾರಣಕ್ಕೆ. ಆದುದರಿಂದ ಆ ದೋಷವನ್ನು ಪೂರ್ತಿ ಅಳಿಸುವ ಹಂಬಲ ನನಗಿಲ್ಲ; ಸವೆಯದ ಟೈರು, ಸರಿಯಾದ ಹವಾ, ಅಲೈನ್‌ಮೆಂಟು, ಇವಿಷ್ಟಾದ ಮೇಲೆ ಉಳಿದುದು ನನ್ನ ಪಾದದ ಹೊಣೆ.

ಔರಾದಿನಿಂದ ಮರಳುವಾಗ ಬೀದರಿನ ಏರು ಬರುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂಚಕ್ರಗಳು ಹಗುರಾಗುವುದರಿಂದ ಇನ್ನೂ ತುಸು ಹೆಚ್ಚು ಕಾಯಬೇಕು. ಬೈಗಿನ ಬೆಳಕಿನಲ್ಲಿ ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತಿರುವಾಗ ನಾನು ಎರಡನೆಯ ಗೇರಿನಲ್ಲಿ ಕಾಯುತ್ತೇನೆ. ತಿರುವು ಬಿಚ್ಚಿಕೊಳ್ಳುತ್ತದೆ, ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತದೆ, ಆಗ ಒತ್ತುತ್ತೇನೆ.