ದೂರದ ಆಸೆ, ಬೆಳಕಿನ ಆಸೆ

ಮಿರರ್‌ಲೆಸ್ ಕ್ಯಾಮೆರಾದ ಲೆನ್ಸ್ ಕಳಚಿ ಒಳಗೆ ಇಣುಕಿದರೆ ಸೆನ್ಸರ್ ಕಾಣುತ್ತದೆ. ಬೆಳಕಿಗೆ ತುಸು ಓರೆಯಾಗಿ ಹಿಡಿದರೆ ಅದರ ಮೈಮೇಲೆ ಹಸಿರು, ನೇರಳೆ ಬಣ್ಣಗಳು ಆಡುತ್ತವೆ. ಫುಲ್ ಫ್ರೇಮ್ ಆದರೆ ಅದರ ಅಗಲ 36 ಮಿ.ಮೀ., ಎತ್ತರ 24 ಮಿ.ಮೀ. ಕ್ರಾಪ್ ಸೆನ್ಸರ್ ಆದರೆ ನಿಕಾನ್, ಸೋನಿಗಳಲ್ಲಿ ಅಗಲ ಸುಮಾರು 23.5, ಎತ್ತರ ಸುಮಾರು 15.6, ಕ್ಯಾನನ್‌ನಲ್ಲಿ ಇನ್ನೂ ಸ್ವಲ್ಪ ಚಿಕ್ಕದು. ಫೋಟೊ ಹುಚ್ಚು ಹತ್ತಿದ ಇಬ್ಬರು ಕೂಡಿದಲ್ಲಿ ಈ ಎರಡು ಆಯತಗಳ ಮಾತು ಬಂದೇ ಬರುತ್ತದೆ. ನನಗೆ ಆ ಮಾತು ಬಲು ಇಷ್ಟ. ಯಾರ ಕಣ್ಣು ಯಾವುದಕ್ಕೆ ಹಂಬಲಿಸುತ್ತದೆ ಎಂಬುದು ಅಲ್ಲಿ ತಾನಾಗಿ ಹೊರಬೀಳುತ್ತದೆ.

36×24ರ ಅಳತೆ ನಮಗೆ ದಕ್ಕಿದ್ದು ಸಿನಿಮಾ ರೀಲಿನಿಂದ. ಜರ್ಮನಿಯ ವೆಟ್ಸ್ಲಾರ್ ಊರಿನ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬರ್ನಾಕ್ 1914ರ ಹೊತ್ತಿಗೆ 35 ಮಿ.ಮೀ. ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಎರಡು ಚೌಕಟ್ಟುಗಳಷ್ಟು ಜಾಗದಲ್ಲಿ ಒಂದೇ ಚಿತ್ರ ಮೂಡಿಸುವ ಪುಟ್ಟ ಕ್ಯಾಮೆರಾ ಕಟ್ಟಿದ. 1925ರಲ್ಲಿ ಅದು ಲೈಕಾ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಮುಂದೆ ಜಗತ್ತಿನ ಲೆನ್ಸ್‌ಗಳೆಲ್ಲ ಆ ಆಯತವನ್ನೇ ಅಳತೆಗೋಲಾಗಿ ಹಿಡಿದವು. ಡಿಜಿಟಲ್ ಕಾಲ ಬಂದಾಗ ಅಷ್ಟು ದೊಡ್ಡ ಸಿಲಿಕಾನ್ ತುಂಡು ಕೈಗೆಟುಕದಷ್ಟು ದುಬಾರಿಯಾಗಿತ್ತು. ತುಂಡು ದೊಡ್ಡದಾದಷ್ಟೂ ಒಂದು ಸಿಲಿಕಾನ್ ಬಿಲ್ಲೆಯಲ್ಲಿ ಸಿಗುವ ಸೆನ್ಸರ್‌ಗಳು ಕಡಿಮೆ, ಅವುಗಳಲ್ಲಿ ದೋಷ ನುಸುಳುವ ಸಂಭವ ಹೆಚ್ಚು. ಅದಕ್ಕೇ 1999ರ ನಿಕಾನ್ ಡಿ1 ಚಿಕ್ಕ ಸೆನ್ಸರ್ ಹೊತ್ತು ಬಂತು. ಕ್ಯಾನನ್ 2002ರಲ್ಲಿ, ನಿಕಾನ್ 2007ರಲ್ಲಿ ಫುಲ್ ಫ್ರೇಮ್‌ಗೆ ಬಂದವು. ಆ ಹೊತ್ತಿಗಾಗಲೇ ಹಕ್ಕಿ ಹಿಂದೆ ಅಲೆಯುವವರಿಗೆ ಚಿಕ್ಕ ಸೆನ್ಸರ್ ಮೇಲೆ ಮೋಹ ಬೆಳೆದಿತ್ತು.

ಆ ಮೋಹ ನನಗೂ ಇದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಕೂತಾಗ ಅದರ ಕಾರಣ ಕೈಗೇ ತಿಳಿಯುತ್ತದೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ದೋಣಿಗೆ ಹತ್ತಿರವೇ ಸಿಗುತ್ತವೆ. ಆದರೆ ಕಪ್ಪು-ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ, ಕೊಕ್ಕು ಕೆಳಗೆ ಮಾಡಿ ನಿಂತಾಗ ನಡುವೆ ಹೊಳೆಯೇ ಇರುತ್ತದೆ. ಅಲ್ಲಿಗೆ ನಡೆದು ಹೋಗುವಂತಿಲ್ಲ, ದೋಣಿಯನ್ನು ಇನ್ನಷ್ಟು ಹತ್ತಿರ ಒಯ್ಯಿ ಎಂದು ಅಂಬಿಗನನ್ನು ಕೇಳುವುದೂ ಸಲ್ಲ. 400 ಮಿ.ಮೀ. ಲೆನ್ಸ್ ಕ್ರಾಪ್ ಬಾಡಿಯ ಮೇಲೆ 600ರಷ್ಟು ನೋಟ ಕೊಡುವುದು ಆಗ ವರದಾನ.

ಲೆನ್ಸ್ ಇಲ್ಲಿ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಅದು ಒಳಗೆ ಬೀರುವ ಬಿಂಬದಲ್ಲಿ ಹಕ್ಕಿಯ ಗಾತ್ರ ಎರಡೂ ಕ್ಯಾಮೆರಾಗಳಲ್ಲಿ ಒಂದೇ. ಚಿಕ್ಕ ಸೆನ್ಸರ್ ಆ ಬಿಂಬದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ಅಲ್ಲಿ ಪಿಕ್ಸೆಲ್‌ಗಳು ಒತ್ತೊತ್ತಾಗಿದ್ದರೆ ಹಕ್ಕಿಯ ಮೈಮೇಲೆ ಹೆಚ್ಚು ಪಿಕ್ಸೆಲ್ ಬೀಳುತ್ತವೆ, ಗರಿಯ ಎಳೆ ಎಳೆ ಬಿಡಿಸಿಕೊಳ್ಳುತ್ತದೆ. 2016ರ ನಿಕಾನ್ ಡಿ500 ಇದರ ಸೊಗಸಾದ ಮಾದರಿ. ಅದೇ ವರ್ಷ ಬಂದ ದೊಡ್ಡಣ್ಣ ಡಿ5ರ 153 ಫೋಕಸ್ ಬಿಂದುಗಳು ಅದರಲ್ಲೂ ಇವೆ. ಫುಲ್ ಫ್ರೇಮ್‌ನ ನಡುವೆ ಗುಂಪುಗೂಡುವ ಆ ಬಿಂದುಗಳು ಇಲ್ಲಿ ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದರವರೆಗೆ ಹರಡುತ್ತವೆ. ಹಾರುವ ಹಕ್ಕಿ ಅಂಚಿಗೆ ಸರಿದರೂ ಫೋಕಸ್ ಅದನ್ನು ಬಿಡುವುದಿಲ್ಲ. 755 ಗ್ರಾಂ ತೂಗುವ 300 ಮಿ.ಮೀ. ಎಫ್/4 ಪಿಎಫ್ ಲೆನ್ಸ್ ಅದಕ್ಕೆ ಜೋಡಿಸಿದರೆ ಒಟ್ಟು ಭಾರ ಒಂದೂವರೆ ಕಿಲೋ ದಾಟಿ ಸ್ವಲ್ಪ. ಬೆಳಗಿನಿಂದ ಕುತ್ತಿಗೆಗೆ ನೇತು ಹಾಕಿಕೊಂಡು ಅಲೆದರೂ ತೋಳು ಸೋಲುವುದಿಲ್ಲ. ಹಗುರವಾದ ಸಲಕರಣೆ ಇದ್ದವನು ಇನ್ನೊಂದು ಮೈಲಿ ನಡೆಯುತ್ತಾನೆ, ಇನ್ನೊಂದು ಹಕ್ಕಿ ನೋಡುತ್ತಾನೆ.

ಇನ್ನು ಬೆಳಕಿನ ಮಾತು. ಅದಕ್ಕೆ ಕರಾವಳಿಗೆ ಬರಬೇಕು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ, ಯಾವುದಾದರೂ ಬಯಲಿನ ಯಕ್ಷಗಾನಕ್ಕೆ. ನಾನು ಮೊದಲು ಹೋಗುವುದು ಬಣ್ಣ ಹಚ್ಚುವ ಚೌಕಿಗೆ. ಸಾಲಾಗಿ ಕೂತ ಕಲಾವಿದರು ಒಂದು ಕೈಯಲ್ಲಿ ಕನ್ನಡಿ ಹಿಡಿದು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಿರುತ್ತಾರೆ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲೆಸಿ ಕೆನ್ನೆಯ ಮೇಲೆ ಚುಟ್ಟಿಯ ಮೊನೆಗಳನ್ನು ಒಂದೊಂದಾಗಿ ಎಬ್ಬಿಸುತ್ತಾರೆ. ಆ ತನ್ಮಯತೆಯ ಮೇಲೆ ಫ್ಲ್ಯಾಶ್ ಹೊಡೆಯಲು ನನಗೆ ಮನಸ್ಸು ಬಾರದು. ಇದ್ದ ಬಲ್ಬಿನ ಬೆಳಕಿನಲ್ಲೇ ತೆಗೆಯಬೇಕು. ರಂಗಸ್ಥಳದಲ್ಲಿ ಬೆಳಕು ಹೆಚ್ಚು, ಆದರೆ ಪುಂಡುವೇಷ ಧಿಗಿಣ ಹಾಕತೊಡಗಿದರೆ ಶಟರ್ 1/500 ಸೆಕೆಂಡಿಗೆ ಏರಬೇಕು, ಅದರ ಹಿಂದೆಯೇ ಐಎಸ್‌ಒ 6400ಕ್ಕೆ ಹತ್ತಬೇಕು.

ಇಲ್ಲಿ ಫುಲ್ ಫ್ರೇಮ್‌ನ ಹಿರಿಮೆ ಕಾಣುತ್ತದೆ. ಅದರ ವಿಸ್ತೀರ್ಣ 864 ಚದರ ಮಿ.ಮೀ.; ನಿಕಾನ್ ಕ್ರಾಪ್‌ನದು ಅದರ ಅರ್ಧಕ್ಕೂ ಕಡಿಮೆ. ಒಂದೇ ಸೋನೆಮಳೆಗೆ ಅಂಗಳದಲ್ಲಿ ಹರಿವಾಣವನ್ನೂ ತಟ್ಟೆಯನ್ನೂ ಇಟ್ಟರೆ ಹರಿವಾಣದಲ್ಲಿ ಹೆಚ್ಚು ನೀರು ನಿಲ್ಲುವಂತೆ, ಒಂದೇ ಅಪರ್ಚರ್, ಒಂದೇ ಶಟರ್ ವೇಗದಲ್ಲಿ ದೊಡ್ಡ ಸೆನ್ಸರ್ ಎರಡು ಪಟ್ಟಿಗೂ ಮಿಕ್ಕಿ ಬೆಳಕು ಹಿಡಿಯುತ್ತದೆ. ಲೆಕ್ಕದಲ್ಲಿ ಒಂದು ಸ್ಟಾಪ್‌ಗಿಂತ ತುಸು ಹೆಚ್ಚು. ನಡುರಾತ್ರಿಯಲ್ಲಿ ಆ ಒಂದು ಸ್ಟಾಪ್ ದೊಡ್ಡದು. ಕಪ್ಪು ಕಪ್ಪಾಗಿಯೇ ಉಳಿಯುತ್ತದೆ, ನೆರಳಿನ ಕಡೆಯ ಕೆನ್ನೆಯಲ್ಲೂ ಅರದಾಳದ ಹಳದಿ ಮಾಸದೆ ನಿಲ್ಲುತ್ತದೆ. ಬೇಲೂರಿನ ಚೆನ್ನಕೇಶವನ ನವರಂಗದಲ್ಲೂ ಅಷ್ಟೇ. ಹೊಳಪಿನ ಕಂಬಗಳ ನಡುವೆ ನಿಂತು ಟ್ರೈಪಾಡ್ ಇಲ್ಲದೆ ಮೇಲಿನ ಭುವನೇಶ್ವರಿಯ ಕೆತ್ತನೆ ಹಿಡಿಯುವಾಗ ಆ ಹೆಚ್ಚಿನ ಬೆಳಕೂ ಬೇಕು, 24 ಮಿ.ಮೀ. ಲೆನ್ಸ್ ಕೊಡುವ ಪೂರ್ತಿ ಅಗಲವೂ ಬೇಕು. ಕ್ರಾಪ್ ಬಾಡಿಯಲ್ಲಿ ಅದೇ ಅಗಲಕ್ಕೆ 16 ಮಿ.ಮೀ. ಲೆನ್ಸ್ ಹುಡುಕಬೇಕು.

ಎರಡೂ ಒಂದೇ ಕಡೆ ಸಿಗದೇ ಎಂದರೆ, ಸಿಗುತ್ತದೆ. 2017ರ ನಿಕಾನ್ ಡಿ850 ಫುಲ್ ಫ್ರೇಮ್, ಅದರ 45.7 ಮೆಗಾಪಿಕ್ಸೆಲ್‌ನಲ್ಲಿ ನಡುಭಾಗವನ್ನಷ್ಟೇ ಬಳಸಿದರೂ 19 ಮೆಗಾಪಿಕ್ಸೆಲ್ ಮಿಕ್ಕಿ ಉಳಿಯುತ್ತದೆ. ಡಿ500 ಕೊಡುವುದು 20.9. ದೂರದ ಹಕ್ಕಿಯ ವಿಷಯದಲ್ಲಿ ಎರಡೂ ಸರಿಸಮ ಎನ್ನಬಹುದು. ಆದರೆ ಬಾಡಿಯ ಬೆಲೆ ಏರುತ್ತದೆ, ಫೈಲುಗಳು ಹಿಗ್ಗುತ್ತವೆ, ಹೊಂದುವ ಲೆನ್ಸ್‌ಗಳೂ ದುಬಾರಿ. ಉಳಿದ ಹಣದಲ್ಲಿ ಒಂದು ಒಳ್ಳೆಯ ಲೆನ್ಸ್ ಬರುವುದಾದರೆ ನನ್ನ ಮತ ಲೆನ್ಸ್‌ಗೆ. ಬಾಡಿಗಳು ಕೆಲವು ವರ್ಷಗಳಲ್ಲಿ ಹಳತಾಗುತ್ತವೆ, ಒಳ್ಳೆಯ ಗಾಜು ಬಹುಕಾಲ ಬಾಳುತ್ತದೆ.

ಹೊಸದಾಗಿ ಕ್ಯಾಮೆರಾ ಕೊಳ್ಳಲು ಹೊರಟ ಹುಡುಗರು ಕೇಳುತ್ತಾರೆ: “ಯಾವುದು ತಗೊಳ್ಳಲಿ ಸರ್?” ನಾನು ತಿರುಗಿ ಕೇಳುವುದು, “ನೀನು ನೋಡಬೇಕು ಅಂತಿರೋದು ಎಷ್ಟು ದೂರದಲ್ಲಿದೆ, ಯಾವ ಹೊತ್ತಿನಲ್ಲಿ ಸಿಗುತ್ತೆ?” ಕೆಲವರು ತಟ್ಟನೆ ಹೇಳುತ್ತಾರೆ: ಅಮ್ಮ ಅಡುಗೆಮನೆಯಲ್ಲಿರುವಾಗ, ಊರ ತೇರು, ಗದ್ದೆಬದುವಿನ ಹಕ್ಕಿ. ಅಂಥವರಿಗೆ ಉತ್ತರ ಅಲ್ಲೇ ದೊರಕಿಬಿಡುತ್ತದೆ. ಅಡುಗೆಮನೆಯ ಮಬ್ಬಿಗೆ ದೊಡ್ಡ ಸೆನ್ಸರ್, ಇಲ್ಲವೇ ಚಿಕ್ಕ ಸೆನ್ಸರ್ ಜತೆ ಎಫ್/1.8ರ ಅಗ್ಗದ ಲೆನ್ಸ್. ಬದುವಿನ ಹಕ್ಕಿಗೆ ಕ್ರಾಪ್. ಹಗಲಿನ ತೇರಿಗೆ ಎರಡೂ ಆದೀತು. ಇನ್ನು ಕೆಲವರು ಯೋಚನೆಗೆ ಬೀಳುತ್ತಾರೆ. ಅವರಿಗೆ ನಾನು ಹೇಳುವುದು, ಸದ್ಯಕ್ಕೆ ಕೊಳ್ಳಬೇಡಿ, ಎರಡನ್ನೂ ಬಾಡಿಗೆಗೆ ತಂದು ನಿಮಗೆ ಪ್ರಿಯವಾದ ಜಾಗಕ್ಕೆ ಒಯ್ಯಿರಿ ಎಂದು. ಯಾವ ಕ್ಯಾಮೆರಾ ಹಿಡಿದಾಗ ನಿಮ್ಮ ಗಮನ ಕ್ಯಾಮೆರಾದಿಂದ ಕಳಚಿ ಎದುರಿನ ಜೀವದ ಮೇಲೆ ನಿಲ್ಲುತ್ತದೋ, ದುಡ್ಡು ಕೊಡಬೇಕಾದ್ದು ಅದಕ್ಕೆ.