ಮರಳುಗಾಡಿನ ಪರ್ಯಾಯ ದ್ವೀಪವೂ ನಮ್ಮ ಕುರ್ಲಾದ ಖಾಡಿಯೂ

ಮೊನ್ನೆ ಶುಕ್ರವಾರ ರಾತ್ರಿ ದೋಹಾದಿಂದ ಮಗಳ ಫೋನು. ಶುಕ್ರವಾರ ಅಲ್ಲಿ ರಜೆ, ಹಾಗಾಗಿ ಮಾತು ಸ್ವಲ್ಪ ಉದ್ದ. "ಅಪ್ಪ, ಸೊಸೈಟಿ ಪೇಪರಿಗೆ ಸಹಿ ಹಾಕಿದ್ರಾ?" ಅಂತ ಮೊದಲ ಪ್ರಶ್ನೆ. ಇನ್ನೂ ಇಲ್ಲ ಅಂದೆ. "ಎಲ್ಲರೂ ಹಾಕಿದ ಮೇಲೆ ನೀವೊಬ್ರು ಯಾಕೆ ಹಿಡ್ಕೊಂಡು ಕೂತಿದ್ದೀರಿ?" ಅಂತ ರೇಗಿದಳು. ಅಷ್ಟರಲ್ಲಿ ಮೊಮ್ಮಗ ಫೋನು ಕಸಿದುಕೊಂಡ.

"ಅಜ್ಜ, ನಂಗೆ ಸ್ಕೂಲಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಕತಾರ್ ಡೆಸರ್ಟ್ ಪೆನಿನ್ಸುಲಾ. ಮುಂಬೈ ಯಾವ್ದು? ಐಲ್ಯಾಂಡಾ, ಪೆನಿನ್ಸುಲಾನಾ?"

ನಾಳೆ ಹೇಳ್ತೇನೆ ಅಂತ ತಪ್ಪಿಸಿಕೊಂಡೆ. ಐವತ್ತು ವರ್ಷಕ್ಕೂ ಮೇಲೆ ಈ ಊರಿನ ನೀರು ಕುಡಿದವನಿಗೆ ಅಷ್ಟು ಸುಲಭದ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ ನೋಡಿ!

ನಾನು ಮಲ್ಪೆ ಕಡೆಯವನು. 1972ರ ಜನವರಿಯಲ್ಲಿ ಉಡುಪಿಯ ಪರ್ಯಾಯ ನೋಡಿ, ಅದೇ ವರ್ಷ ಬೇಸಿಗೆಯಲ್ಲಿ ಮಾವನ ಜೊತೆ ಮುಂಬೈ ಬಸ್ಸು ಹತ್ತಿದೆ. ಹಗಲು ಫೋರ್ಟಿನ ಹೋಟೆಲಲ್ಲಿ ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ. ನಮ್ಮ ಕಾಲದ ಎಷ್ಟೋ ಮಂದಿಯ ಕತೆಯೂ ಇದೇ, ಹೊಸತೇನಿಲ್ಲ. ಒಂದು ಸಂಜೆ ಭೂಗೋಳದ ಮೇಷ್ಟ್ರು ನಕ್ಷೆ ನೇತುಹಾಕಿ, "ಅರೇಬಿಯಾ, ಪ್ರಪಂಚದ ಅತಿ ದೊಡ್ಡ ಪರ್ಯಾಯ ದ್ವೀಪ" ಅಂದರು. ಉಡುಪಿಯ ಹುಡುಗನಿಗೆ ಪರ್ಯಾಯ ಅಂದರೆ ಒಂದೇ ಅರ್ಥ. ಎರಡು ವರ್ಷಕ್ಕೊಮ್ಮೆ ಒಂದು ಮಠದವರು ಇಳಿದು ಇನ್ನೊಂದು ಮಠದವರು ಪೀಠ ಏರುವುದು. ನಾನು ಎದ್ದು ನಿಂತು, "ಸರ್, ಅಲ್ಲಿ ಯಾರಾದ್ಮೇಲೆ ಯಾರ ಸರದಿ?" ಅಂತ ಕೇಳಿದೆ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಮೂರು ಕಡೆ ನೀರು, ಒಂದು ಕಡೆ ನೆಲ. ಅಷ್ಟೇ. ಆದ್ರೆ ನೀನು ಕೇಳಿದ್ದೂ ತಪ್ಪಲ್ಲ ಮಾರಾಯ, ನೆಲ ನೀರು ಒಂದಕ್ಕೊಂದು ಸರದಿ ಬಿಟ್ಟುಕೊಡ್ತಾವೆ" ಅಂದರು. ಆಗ ನನಗೆ ಅದು ತಲೆಗೆ ಹೋಗಲಿಲ್ಲ.

2018ರ ಡಿಸೆಂಬರಿನಲ್ಲಿ ಮಗಳ ಮನೆಗೆ ಹೋದಾಗ ಆ ಮಾತು ಮತ್ತೆ ನೆನಪಾಯಿತು. ಕತಾರ್ ಅಂದರೆ ಪರ್ಯಾಯ ದ್ವೀಪದ ಮೈಗೆ ಅಂಟಿಕೊಂಡ ಇನ್ನೊಂದು ಪುಟ್ಟ ಪರ್ಯಾಯ ದ್ವೀಪ. ಉದ್ದ ಸುಮಾರು 160 ಕಿಲೋಮೀಟರ್. ಇಡೀ ದೇಶದ ಅತಿ ಎತ್ತರದ ಜಾಗ 103 ಮೀಟರ್ ಅಂತೆ. ನಮ್ಮ ಬೊರಿವಲಿ ಕಾಡಿನ ಕಾನ್ಹೇರಿ ಬೆಟ್ಟವೇ ಅದರ ನಾಲ್ಕು ಪಟ್ಟು! ಮರಳುಗಾಡು ಅಂದರೆ ಬರೀ ಮರಳಿನ ದಿಬ್ಬ ಅಂದುಕೊಂಡು ಹೋದವನು ನಾನು. ಆದರೆ ಅಲ್ಲಿ ಹೆಚ್ಚಿನ ಕಡೆ ಇರುವುದು ಸಪಾಟಾದ ಸುಣ್ಣಕಲ್ಲಿನ ನೆಲ, ಮೇಲೆ ಹರಳು ಚೆಲ್ಲಿದ ಹಾಗೆ. ಸುಣ್ಣಕಲ್ಲು ಅಂದರೆ ಹಿಂದೊಮ್ಮೆ ಅದು ಸಮುದ್ರದ ತಳ. ಮರಳಿನ ದೊಡ್ಡ ದಿಬ್ಬಗಳು ಇರುವುದು ಆಗ್ನೇಯ ಮೂಲೆಯಲ್ಲಿ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಮರಳನ್ನು ತಳ್ಳಿಕೊಂಡು ಹೋಗುತ್ತದೆ. ಖೋರ್ ಅಲ್ ಉದೈದ್ ಎಂಬಲ್ಲಿ ಕಡಲು ನೆಲದೊಳಗೆ ನುಗ್ಗಿ ಕೊಲ್ಲಿಯಾಗಿದೆ. ದಿಬ್ಬಗಳು ಅಲ್ಲಿ ನೇರ ನೀರಿಗೇ ಇಳಿಯುತ್ತವೆ.

ಅಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಎರಡು. ಒಂದು ಸಬ್ಖಾ. ಕಡಲಿನ ಬದಿಯ ತಗ್ಗು ನೆಲದಲ್ಲಿ ಉಪ್ಪುನೀರು ಮಣ್ಣಿನ ಕೆಳಗೇ ಇರುತ್ತದೆ. ಬಿಸಿಲಿಗೆ ಮೇಲಕ್ಕೆ ಬಂದು ಆರಿ ಉಪ್ಪಿನ ಹೆಕ್ಕಳ ಕಟ್ಟುತ್ತದೆ. ನೋಡಲು ಗಟ್ಟಿ ನೆಲ. ಗಾಡಿ ಹತ್ತಿಸಿದರೆ ಹೆಕ್ಕಳ ಒಡೆದು ಚಕ್ರ ಹೂತುಹೋಗುತ್ತದೆ. ಅಳಿಯ ದೂರದಿಂದಲೇ ತೋರಿಸಿದರು. ನನಗೆ ವಡಾಳಾ, ಭಾಂಡೂಪ್ ಕಡೆಯ ಉಪ್ಪಿನಾಗರಗಳು, ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟೆ ಎಲ್ಲ ಕಣ್ಣಿಗೆ ಬಂದವು. ಇನ್ನೊಂದು ರೌದಾ. ನೆಲದ ಕೆಳಗಿನ ಸುಣ್ಣಕಲ್ಲು ಕರಗಿ ಕುಸಿದು ಆದ ತಗ್ಗುಗಳು. ಅಪರೂಪಕ್ಕೆ ಮಳೆ ಬಂದರೆ ಸುತ್ತಲಿನ ನೀರು, ಮೆದು ಮಣ್ಣು ಅಲ್ಲಿಗೇ ಬಂದು ಸೇರುತ್ತದೆ. ಬೋಳು ನೆಲದ ನಡುವೆ ಅಲ್ಲಿ ಮಾತ್ರ ಹುಲ್ಲು, ನಾಲ್ಕು ಬೋರೆ ಜಾತಿಯ ಮರ. ವರ್ಷಕ್ಕೆ 80 ಮಿಲಿಮೀಟರ್ ಮಳೆಯೂ ಬೀಳದ ದೇಶದಲ್ಲಿ ನೀರಿಗೆ ತನ್ನ ಜಾಗ ಯಾವುದು ಅಂತ ಎಷ್ಟು ಸರಿಯಾಗಿ ಗೊತ್ತಿದೆ ನೋಡಿ.

ನಾನು ಹೋಗುವ ಎರಡು ತಿಂಗಳ ಹಿಂದೆ, ಅಕ್ಟೋಬರಿನಲ್ಲಿ, ದೋಹಾದಲ್ಲಿ ಒಂದು ವರ್ಷದ ಮಳೆ ಒಂದೇ ದಿನ ಸುರಿದು ರಸ್ತೆ, ಅಂಡರ್‌ಪಾಸು ಎಲ್ಲ ತುಂಬಿತ್ತಂತೆ. ಮಗಳು ಅದನ್ನು ಹೇಳುವಾಗ ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು. ಇಬ್ಬರಿಗೂ ನೆನಪಾದದ್ದು ಒಂದೇ ದಿನ.

ಅದನ್ನು ಹೇಳುವ ಮೊದಲು ನಮ್ಮ ಮುಂಬೈಯ ನೆಲದ ಬಗ್ಗೆ ಸ್ವಲ್ಪ ಹೇಳಬೇಕು. ಅಂಧೇರಿ ಪಶ್ಚಿಮದಲ್ಲಿ ಗಿಲ್ಬರ್ಟ್ ಹಿಲ್ ಅಂತ ಒಂದು ಕಪ್ಪು ಗುಡ್ಡ ಇದೆ. ಸುಮಾರು 61 ಮೀಟರ್ ಎತ್ತರ, ತುದಿಯಲ್ಲಿ ಗಾಂವ್‌ದೇವಿಯ ಗುಡಿ, ಸುತ್ತ ಬಿಲ್ಡಿಂಗು, ಝೋಪಡಿ. ಗುಡ್ಡದ ಮೈ ನೋಡಿದರೆ ಪೆನ್ಸಿಲುಗಳನ್ನು ಒಟ್ಟಿಗೆ ಕಟ್ಟಿ ನಿಲ್ಲಿಸಿದ ಹಾಗೆ ಉದ್ದುದ್ದ ಕಂಬಗಳು. ಮೊದಲ ಸಲ ನೋಡಿದಾಗ ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಇದು ನಮ್ಮ ತೋನ್ಸೆಪಾರ್! ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ ಇದೇ ರೀತಿಯ ಆರು ಮೂಲೆಯ ಕಲ್ಲುಕಂಬಗಳ ಮೇಲೆ ನಾವು ಹುಡುಗರು ಕುಪ್ಪಳಿಸುತ್ತಿದ್ದೆವು. ಲಾವಾ ಆರುವಾಗ ಕುಗ್ಗಿ, ಒಣಗಿದ ಕೆರೆಯ ಕೆಸರು ಬಿರಿಯುವ ಹಾಗೆ ಬಿರಿದು ಕಂಬಗಳಾಗುತ್ತವಂತೆ. ನಮ್ಮೂರಿನದು ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಅಂಧೇರಿಯದು ಸುಮಾರು 6.6 ಕೋಟಿ ವರ್ಷದ್ದು, ದಖ್ಖನ್ ಪ್ರಸ್ಥಭೂಮಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಲಾವಾದ ಕಾಲದ್ದು. ಖಂಡಾಲಾ ಘಾಟಿ ಇಳಿಯುವಾಗ ಕಾಣುವ ಪದರಗಳೂ ಅವೇ. ಎರಡು ಪದರಗಳ ನಡುವೆ ವರಳಿಯಲ್ಲಿ ಪುಟ್ಟ ಪುಟ್ಟ ಕಪ್ಪೆಗಳ ಪಳೆಯುಳಿಕೆ ಸಿಕ್ಕಿತ್ತು. 1847ರಲ್ಲೇ ಲಂಡನ್ನಿನಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಅಂದರೆ ಒಂದು ಲಾವಾಕ್ಕೂ ಇನ್ನೊಂದಕ್ಕೂ ನಡುವೆ ಅಲ್ಲಿ ಸಿಹಿನೀರು ನಿಂತು ಕಪ್ಪೆ ವಟಗುಟ್ಟುವಷ್ಟು ಬಿಡುವು ಇತ್ತು.

ಹಳೆಯ ಮುಂಬೈ ಏಳು ದ್ವೀಪ ಅನ್ನುವುದು ಎಲ್ಲರಿಗೂ ಗೊತ್ತು. ಪಶ್ಚಿಮದಲ್ಲಿ ಮಲಬಾರ್ ಹಿಲ್‌ನಿಂದ ವರಳಿವರೆಗೆ ಗುಡ್ಡದ ಒಂದು ಸಾಲು, ಪೂರ್ವದಲ್ಲಿ ಇನ್ನೊಂದು ಸಾಲು, ನಡುವೆ ಉಬ್ಬರ ಬಂದಾಗ ಮುಳುಗುವ ತಗ್ಗು. 1784ರ ಹೊತ್ತಿಗೆ ಹಾರ್ನ್‌ಬಿ ವೆಲ್ಲಾರ್ಡ್ ಕಟ್ಟಿ ವರಳಿಯ ಬಾಯಿ ಮುಚ್ಚಿದರು. 1805ರ ಹೊತ್ತಿಗೆ ಸಾಯನ್‌ನಿಂದ ನಮ್ಮ ಕುರ್ಲಾಕ್ಕೆ ಏರಿ ರಸ್ತೆ, 1838ರಲ್ಲಿ ಕೊಲಾಬಾಕ್ಕೆ, 1845ರಲ್ಲಿ ಮಾಹಿಮ್‌ನಿಂದ ಬಾಂದ್ರಾಕ್ಕೆ. ಸಾಯನ್‌ಗೆ ಮರಾಠಿಯಲ್ಲಿ ಶೀವ್ ಅನ್ನುತ್ತಾರೆ. ಶೀವ್ ಅಂದರೆ ಗಡಿ, ಅಲ್ಲಿಗೆ ಮುಂಬೈ ಮುಗಿದು ಸಾಷ್ಟಿ ದ್ವೀಪ ಶುರು. ಕಲ್ಲು ಮಣ್ಣು ಹೊತ್ತು ಹಾಕಿ ಮಾಡಿದ ಪರ್ಯಾಯ ದ್ವೀಪ ಇದು. ಆದರೆ ಹೆಸರುಗಳು ಸುಳ್ಳು ಹೇಳುವುದಿಲ್ಲ. ಉಮರ್‌ಖಾಡಿಯಲ್ಲಿ ಖಾಡಿ ಇದೆ. ಪಾಯ್‌ಧುನಿ ಅಂದರೆ ಕಾಲು ತೊಳೆಯುವ ಜಾಗ, ನೀರು ದಾಟಿ ಬಂದವರು ಅಲ್ಲಿ ಕಾಲು ತೊಳೆಯುತ್ತಿದ್ದರಂತೆ. ಕುರ್ಲಾ ಅನ್ನುವುದೂ ಕುರ್ಲಿಯಿಂದ ಬಂತು ಅನ್ನುತ್ತಾರೆ. ಕುರ್ಲಿ ಅಂದರೆ ಏಡಿ, ನಮ್ಮ ತುಳುವಿನ ಡೆಂಜಿ. ಏಡಿ ಎಲ್ಲಿರುತ್ತದೆ? ಕೆಸರಿನಲ್ಲಿ!

ಇಷ್ಟೆಲ್ಲ ಆಗ ಗೊತ್ತಿರಲಿಲ್ಲ. 1986ರಲ್ಲಿ ಕುರ್ಲಾ ಪಶ್ಚಿಮದಲ್ಲಿ, ಮೀಠಿ ನದಿಯಿಂದ ಸ್ವಲ್ಪ ದೂರದಲ್ಲಿ, ನೆಲಮಹಡಿಯ ಈ ಮನೆ ಕೊಂಡೆ. ಅಗ್ಗಕ್ಕೆ ಸಿಕ್ಕಿತು ಅಂತ ಸಂಭ್ರಮ. ಹಳೆಯ ಕುರ್ಲಾದ ಒಬ್ಬ ಈಸ್ಟ್ ಇಂಡಿಯನ್ ಮುದುಕರು ಗೃಹಪ್ರವೇಶದ ದಿನ ಬಾಗಿಲಲ್ಲಿ ನಿಂತು, "ಇಥೇ ಖಾಡಿ ಹೋತಿ, ಬಾಬಾ" ಅಂದರು. ಇಲ್ಲಿ ಖಾಡಿ ಇತ್ತಪ್ಪ. ನಾನು ನಕ್ಕು ಅವರ ಕೈಗೆ ಲಾಡು ಕೊಟ್ಟೆ.

2005ರ ಜುಲೈ 26, ಮಂಗಳವಾರ. ನಾನು ಫೋರ್ಟಿನ ಆಫೀಸಲ್ಲಿದ್ದೆ. ಅಲ್ಲಿ ಮಾಮೂಲಿ ಮಳೆ. ಕೊಲಾಬಾದಲ್ಲಿ ಆ ದಿನ ಬಿದ್ದದ್ದು 73 ಮಿಲಿಮೀಟರ್, ಸಾಂತಾಕ್ರೂಜ್‌ನಲ್ಲಿ 944! ದೋಹಾದ ಲೆಕ್ಕದಲ್ಲಿ ಕೊಲಾಬಾಕ್ಕೆ ಹೆಚ್ಚುಕಡಿಮೆ ಒಂದು ವರ್ಷದ ಮಳೆ, ಸಾಂತಾಕ್ರೂಜ್‌ಗೆ ಹನ್ನೆರಡು ವರ್ಷದ್ದು. ಒಂದೇ ಊರು, ಒಂದೇ ದಿನ. ಗಾಡಿಗಳು ನಿಂತವು, ಮನೆಯ ಫೋನು ಸತ್ತಿತ್ತು. ನಡೆದುಕೊಂಡು ಹೊರಟೆ. ದಾದರ್ ದಾಟುವಾಗ ಮೊಣಕಾಲು, ಸಾಯನ್ ಹತ್ತಿರ ಸೊಂಟ. ಶೀವ್, ಗಡಿ. ಅಲ್ಲಿಂದ ಮುಂದೆ ರಸ್ತೆಯೇ ಇರಲಿಲ್ಲ, ಕತ್ತಲೆಯಲ್ಲಿ ನೀರು ಮಾತ್ರ. ರಾತ್ರಿ ಯಾರದೋ ಅಂಗಡಿಯ ಅಟ್ಟದಲ್ಲಿ ಕೂತೆ. ಗುರುತಿಲ್ಲದವರು ಬಿಸ್ಕಿಟ್ ಕೊಟ್ಟರು.

ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ಹೆಂಡತಿ, ಮಗಳು ಮೂರನೇ ಮಹಡಿಯ ಗುಜರಾತಿಯವರ ಮನೆಯಲ್ಲಿ ಇದ್ದರು. ಬದುಕಿದ್ದರು, ಅಷ್ಟು ಸಾಕು. ಆ ಮಳೆಗೆ ಮಹಾರಾಷ್ಟ್ರದಲ್ಲಿ ಸಾವಿರದಷ್ಟು ಜನ ಹೋದರು. ನಮ್ಮ ಮನೆಯಲ್ಲಿ ನೀರು ಫ್ಯಾನಿನ ಕೆಳಗೆ ಗೆರೆ ಎಳೆದು ಇಳಿದಿತ್ತು. ಹೊಲಿಗೆ ಮೆಷಿನ್ನು, ಗೋದ್ರೆಜ್ ಕಪಾಟು, ಅಮ್ಮನ ಒಂದೇ ಒಂದು ಫೋಟೋ ಎಲ್ಲ ಕೆಸರು. ಅಡುಗೆಮನೆಯ ಕಟ್ಟೆಯ ಕೆಳಗೆ ಒಂದು ಏಡಿ ಜೀವಂತ ಕೂತಿತ್ತು. ಹೆಂಡತಿ ಅದನ್ನು ನೋಡಿ ಮೊದಲ ಸಲ ಅತ್ತಳು. ನನಗೆ ಮಾತ್ರ ಆ ಮುದುಕರ ಮಾತು ಕೇಳಿಸಿತು. ಡೆಂಜಿ ತನ್ನ ಮನೆಗೆ ಬಂದಿದೆ, ಪರಕೀಯರು ನಾವು.

ಆಮೇಲೆ ತಿಳಿದುಕೊಂಡೆ. ಮೀಠಿ ಹೊರಡುವುದು ವಿಹಾರ್, ಪವಾಯಿ ಕೆರೆಗಳ ಕೋಡಿಯಿಂದ. ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾಡಿ ಸೇರುತ್ತದೆ. ಗುಡ್ಡದ ನೀರು ಬೇಗನೆ ತಗ್ಗಿಗೆ ಇಳಿಯುತ್ತದೆ. ಆ ದಿನ ಮಧ್ಯಾಹ್ನ ಸಮುದ್ರದಲ್ಲಿ ದೊಡ್ಡ ಉಬ್ಬರ, ಕೆಳಗಿನ ಬಾಗಿಲು ಬಂದ್. ಮೊದಲಾದರೆ ಇಂಥ ಹೊತ್ತಲ್ಲಿ ನೀರು ಕಾಂಡ್ಲಾ ಗಿಡಗಳ ಜೌಗಿನಲ್ಲಿ ಹರಡಿಕೊಂಡು ಇಳಿತಕ್ಕೆ ಕಾಯುತ್ತಿತ್ತು. ಆ ಜೌಗಿನ ಮೇಲೆ ಆಫೀಸುಗಳು, ರಸ್ತೆಗಳು, ಬಸ್ತಿಗಳು, ನನ್ನ ಮನೆಯೂ ಬಂದವು. ರನ್‌ವೇ ಕೆಳಗೂ ನದಿ ತಲೆ ತಗ್ಗಿಸಿ ಹೋಗಬೇಕು. ನೀರಿಗೆ ಕಾಯುವ ಜಾಗವೇ ಇಲ್ಲದಿದ್ದರೆ ಅದು ಎಲ್ಲಿ ಕಾಯುತ್ತದೆ? ನಮ್ಮ ಹಾಲಿನಲ್ಲಿ.

ಈಗ ಸಹಿಯ ವಿಷಯ. ಬಿಲ್ಡಿಂಗು ಹಳತಾಗಿದೆ, ಕೆಡವಿ ಹೊಸದು ಕಟ್ಟುತ್ತಾರೆ. ನಮಗೆ 11ನೇ ಮಹಡಿ. ಕೆಳಗೆ ಪಾರ್ಕಿಂಗು. ಹೆಂಡತಿಗೆ ಖುಷಿಯೋ ಖುಷಿ, ಇಪ್ಪತ್ತು ವರ್ಷದಿಂದ ಪ್ರತಿ ಜೂನ್‌ನಲ್ಲಿ ಕಾಗದಪತ್ರ ಎಲ್ಲ ಅಟ್ಟಕ್ಕೆ ಹಾಕುವವಳು ಅವಳೇ ತಾನೆ. ನನಗೂ ಬೇಡ ಅಂತಲ್ಲ. ಆದರೆ ನಕ್ಷೆಯಲ್ಲಿ ಕಾಂಪೌಂಡನ್ನು ಐದಾರು ಅಡಿ ಎತ್ತರಿಸುತ್ತಾರೆ. ಹಿಂದಿನ ನಾಲಾದ ಬದಿಗೆ ಗೋಡೆ. ಗೋಡೆಯ ಆಚೆ ನಲವತ್ತು ಐವತ್ತು ಮನೆಗಳ ಚಾಳು. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಇರುವುದು ಅಲ್ಲೇ. ನಮ್ಮಲ್ಲಿ ನಿಲ್ಲುತ್ತಿದ್ದ ನೀರು ಇನ್ನು ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಮೀಟಿಂಗಿನಲ್ಲಿ ಕೇಳಿದೆ. ಬಿಲ್ಡರ್ ಕಡೆಯ ಹುಡುಗ, "ಅಂಕಲ್, ನೀವು 11ನೇ ಮಹಡಿ, ನಿಮಗ್ಯಾಕೆ ಟೆನ್ಶನ್?" ಅಂದ. ಎಲ್ಲರೂ ನಕ್ಕರು. ರಾತ್ರಿಶಾಲೆಯಲ್ಲಿ ನಕ್ಕ ಹಾಗೆಯೇ.

ನಾಲಾವನ್ನು ಕಿರಿದು ಮಾಡುವುದಿಲ್ಲ, ಚಾಳಿನ ಕಡೆಯ ನೀರಿಗೆ ದಾರಿ ಬಿಡುತ್ತೇವೆ ಅಂತ ಎರಡು ಸಾಲು ಬರೆದುಕೊಡಿ, ಸಹಿ ಹಾಕುತ್ತೇನೆ ಅಂದಿದ್ದೇನೆ. ಬರುವ ಭಾನುವಾರ ಮತ್ತೆ ಮೀಟಿಂಗು. ಬರೆದುಕೊಡದಿದ್ದರೆ? ನಿಜ ಹೇಳುತ್ತೇನೆ, ಕೊನೆಗೆ ನಾನೂ ಸಹಿ ಹಾಕಿಬಿಡುತ್ತೇನೋ ಅಂತ ನನಗೇ ಭಯ. ಮಂಡಿ ನೋವು, ಹೆಂಡತಿಯ ಮುಖ, ಮಗಳ ಫೋನು... 2005ರ ನೀರಿನ ಗೆರೆಯ ಮೇಲೆ ಎರಡು ಸಲ ಪೇಂಟ್ ಹೊಡೆಸಿದ್ದೇನೆ. ಪ್ರತಿ ಮಳೆಗಾಲ ಅದು ತೇವಕ್ಕೆ ಮತ್ತೆ ಕಾಣಿಸುತ್ತದೆ.

ಮೊಮ್ಮಗನಿಗೆ ಮರುದಿನ ಉತ್ತರ ಹೇಳಿದೆ. "ಮುಂಬೈ ಎಂಟು ತಿಂಗಳು ಪರ್ಯಾಯ ದ್ವೀಪ ಮಗಾ, ಮಳೆಗಾಲದಲ್ಲಿ ಮತ್ತೆ ಏಳು ದ್ವೀಪ." ಅವನು, "ಅಜ್ಜ, ಹಾಗೆ ಬರೆದ್ರೆ ಮಿಸ್ ಮಾರ್ಕ್ಸ್ ಕಟ್ ಮಾಡ್ತಾರೆ" ಅಂದ. ಮಾಡಲಿ ಬಿಡಿ.

ನೀವೂ ಮುಂಬೈಯಲ್ಲೋ ಬೆಂಗಳೂರಲ್ಲೋ ದುಬೈಯಲ್ಲೋ ಇರಬಹುದು. ಮನೆ ಇರುವ ಜಾಗದಲ್ಲಿ ಮೊದಲು ಏನಿತ್ತು ಅಂತ ಹಳಬರನ್ನು ಒಮ್ಮೆ ಕೇಳಿ. ಅವರು ಹೇಳುವಾಗ ನನ್ನ ಹಾಗೆ ಲಾಡು ಕೊಟ್ಟು ಕಳಿಸಬೇಡಿ.